ಸಮ, ಬೆಸ

ಒಂಬತ್ತು ಹತ್ತಕ್ಕೆ ಅವನ ಹೆಸರಿನ ಮುಂದೆ
ಗೈರು ಎಂದು ಬರೆದೆ.
‘ಇವತ್ತೂ ತಡ ನೋಡಿ ನಮ್ಮ ಬಾಚಾನಾ’ ಅಂದೆ.
ನಕ್ಕರು ಹನ್ನೊಂದು ಜನ.
ಆ ಹೊತ್ತಿಗಾಗಲೇ ಜೆಸ್ತಾಫೋನಿ ರಸ್ತೆಯ ತಿರುವಿನಲ್ಲಿ
ಮಿನಿಬಸ್ಸಿನ ಚಕ್ರಗಳು ಆಕಾಶಕ್ಕೆ ಮುಖಮಾಡಿ
ತಿರುಗುವುದನ್ನೂ ಬಿಟ್ಟಿದ್ದವಂತೆ.

ಪೆನ್ಸಿಲ್ಲಿನಲ್ಲಿ ಬರೆದದ್ದು, ಅಳಿಸಬಹುದು.
ಅಳಿಸಿಲ್ಲ.

ಮೂರನೆಯ ದಿನ ಕಚೇರಿಯಿಂದೊಂದು ಹಾಳೆ:
ದುಃಖದಲ್ಲಿರುವ ವಿದ್ಯಾರ್ಥಿಗಳೊಡನೆ ಮಾತನಾಡುವ ಬಗೆ.
ಕೊನೆಗೆ, ಆಪ್ತಸಲಹೆಗಾರ್ತಿ ಸಿಗುವುದು
ಗುರುವಾರ ಎರಡರಿಂದ ನಾಲ್ಕು, ಮೂರನೇ ಮಹಡಿ.
ಒಳ್ಳೆಯ ಹೆಂಗಸು, ಕೆಮ್ಮು ಜಾಸ್ತಿ,
ಇಡೀ ವಿಶ್ವವಿದ್ಯಾಲಯಕ್ಕೆ ಒಬ್ಬಳೇ.
ಎರಡು ಸಲ ಓದಿದೆ. ತಪ್ಪೇನಿಲ್ಲ ಅದರಲ್ಲಿ.
ಹೇಳುವುದಕ್ಕಿಂತ ಹೆಚ್ಚು ಕೇಳಿಸಿಕೊಳ್ಳಿ ಎಂದಿತ್ತು.
ಕೇಳಿಸಿಕೊಳ್ಳಲು ಅವರು ಬಾಯಿ ಬಿಟ್ಟರೆ ತಾನೆ?

ಎಲೀಸೋ ಉಗುರು ಕಚ್ಚುತ್ತಿದ್ದಳು.
ಶುಕ್ರವಾರದ ಪರೀಕ್ಷೆ ಇದೆಯಾ ಅಂತ ಕೇಳಿದ ಶಾಲ್ವಾ
ಕೇಳಿದ್ದಕ್ಕೇ ನಾಚಿ
ಮೇಜಿನ ಮೇಲೆ ಹಣೆಯೂರಿದ.
ಬಹಳ ಹೊತ್ತಾದ ಮೇಲೆ ತೇಕ್ಲಾ, ಕಿಟಕಿಗೆ ಹೇಳುವಂತೆ,
‘ಅವನ ಛತ್ರಿ ನನ್ನ ಹತ್ತಿರವೇ ಇದೆ,
ಯಾರಿಗೆ ವಾಪಸು ಕೊಡಲಿ?’

ಹಾಳೆಯಲ್ಲಿ ಛತ್ರಿಯ ಮಾತಿರಲಿಲ್ಲ.

ಬೂಟು ಹಾಕಿಕೊಳ್ಳಿ ಎಂದೆ.
ನನಗೆ ಗೊತ್ತಿರುವುದು ನದಿ ಅಳೆಯುವುದೊಂದೇ.
ರಿಯೋನಿ ಆವತ್ತು ಹಿಮ ಕರಗಿದ ನೀರು ಹೊತ್ತು
ಬೂದಿಬಣ್ಣಕ್ಕೆ ತಿರುಗಿತ್ತು.
ಮಾಪಕ ಇಳಿಬಿಟ್ಟೆವು. ರೆಕ್ಕೆ ತಿರುಗತೊಡಗಿತು.
ಸುತ್ತುಗಳನ್ನು ಗಟ್ಟಿಯಾಗಿ ಎಣಿಸುತ್ತಿದ್ದವನು ಅವನು,
ಆಚೆ ದಡಕ್ಕೂ ಕೇಳುವ ಗಂಟಲು.
ಪುಸ್ತಕದ ತುಂಬ ಅವನ ಅಂಕಿಗಳು,
ಒಂದೊಂದು ಏಳಕ್ಕೂ ಒಂದು ಸೊಂಟಪಟ್ಟಿ.

ಯಾರೂ ಎಣಿಸಲಿಲ್ಲ.
ಆಮೇಲೆ ಎಲೀಸೋ, ಪಿಸುದನಿಯಲ್ಲಿ, ಒಂದು, ಎರಡು,
ಹದಿನಾಲ್ಕಕ್ಕೆ ದನಿ ಒಡೆಯಿತು,
ಹದಿನೈದನ್ನು ಶಾಲ್ವಾ ಎತ್ತಿಕೊಂಡ,
ಅವನ ಬಾಯಿಂದ ಇನ್ನೊಬ್ಬನ ಬಾಯಿಗೆ, ಅಲ್ಲಿಂದ ಮತ್ತೊಬ್ಬಳಿಗೆ,
ಬಿಸಿ ರೊಟ್ಟಿಯನ್ನು ಕೈ ಬದಲಿಸುತ್ತಾ ದಾಟಿಸಿದ ಹಾಗೆ.
ಒಂದು ನಿಮಿಷ ಎಂದೋ ಮುಗಿದಿತ್ತು.
ನಿಲ್ಲಿಸಿ ಅನ್ನಲು ನನಗೆ ನಾಲಿಗೆ ಬರಲಿಲ್ಲ.
ಆ ದಿನದ ಅಂಕಣ ಖಾಲಿ ಬಿದ್ದಿದೆ.
ನದಿ ಎಷ್ಟು ಹರಿಯಿತೋ ನಮಗೆ ತಿಳಿಯದು.

ಮಣ್ಣಿಗೆ ಹೋಗುವ ಬೆಳಿಗ್ಗೆ, ಸಂತೆಯ ಬಾಗಿಲಲ್ಲಿ
ತಲೆಗೊಂದರಂತೆ ಬಿಳಿ ಹೂವು ಆರಿಸಿದರು.
ಹೂ ಮಾರುವ ಮುದುಕಿ ಎಣಿಸಿ ನಕ್ಕಳು:
‘ಹನ್ನೊಂದಾ! ಯಾರ ಹುಟ್ಟುಹಬ್ಬ, ಮಕ್ಕಳೇ?’
ನಮ್ಮಲ್ಲಿ ಬದುಕಿದ್ದವರಿಗೆ ಬೆಸ,
ಸತ್ತವರಿಗೆ ಸಮ.
ಹನ್ನೆರಡಿದ್ದ ತರಗತಿ ಹನ್ನೊಂದಾದದ್ದು
ಆಗ ಅವರ ಕೈಗೇ ಗೊತ್ತಾಯಿತು.
ರಸ್ತೆಯ ನಡುವೆ, ಕುಂಬಳಕಾಯಿ ಬುಟ್ಟಿಗಳ ಪಕ್ಕ,
ಮೊದಲ ಸಲ ಒಟ್ಟಿಗೆ ಅತ್ತರು.
ದೂರ ನಿಂತು ಬಸ್ಸಿನ ಚೀಟಿಗಳನ್ನು ಎಣಿಸುತ್ತಿದ್ದ ನನ್ನ ಬಳಿ ಬಂದು
ತೇಕ್ಲಾ ಹನ್ನೆರಡನೆಯದನ್ನು ಚಾಚಿದಳು.
‘ನೀವು ಲೆಕ್ಕದಲ್ಲಿಲ್ಲ ಅಂದುಕೊಂಡಿರಾ?’

ತೆರ್ಜೋಲಾದ ಆ ಮನೆಯ ಅಂಗಳದಲ್ಲಿ ಉದ್ದ ಮೇಜು,
ಸಾವಿನ ಮನೆಯ ಅನ್ನ, ಯಾರೂ ತಾಕಿಸದ ಲೋಟಗಳು.
ತಾಯಿ ನನ್ನ ಎರಡೂ ಕೈ ಹಿಡಿದಳು.
‘ನಾನೇ ಎಬ್ಬಿಸಿದೆ, ಏಳೋ, ಹೊತ್ತಾಯಿತು ಅಂತ.
ತಡವಾದರೆ ಮೇಡಂ ಬೈಯುತ್ತಾರೆ ಅನ್ನುತ್ತಿದ್ದ.
ಬೈಯುತ್ತಿದ್ದಿರಾ?’

ಗಂಟಲಲ್ಲಿ ಮುಳ್ಳು.
ಹಿಂದಿನಿಂದ ತೇಕ್ಲಾಳ ದನಿ, ತಡವರಿಸದೆ:
‘ಇಲ್ಲಮ್ಮ. ಕಾಯುತ್ತಿದ್ದರು.
ಅವನು ಬರುವ ತನಕ ಪಾಠ ಶುರುವಾಗುತ್ತಿರಲಿಲ್ಲ.’

ಅಂದು ನಕ್ಕಿದ್ದ ಹನ್ನೊಂದು ಜನ
ಹೌದು ಹೌದೆಂದು ತಲೆಯಾಡಿಸಿದರು.